ಫಾಸ್ಟರ್ ಕೇರ್ ಮಗುವಿಗೆ ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು?

ಜ್ವರ, ಕೆಮ್ಮು, ಹಲ್ಲುನೋವಿಗೆ ಯಾರೂ ಏನೂ ಕೇಳುವುದಿಲ್ಲ. ಚೀಟಿ ಮಾಡಿಸಿ, ಒಳಗೆ ಹೋಗಿ, ಮಾತ್ರೆ ಬರೆಸಿಕೊಂಡು ಬಂದರೆ ಮುಗಿಯಿತು. ಆಪರೇಷನ್ ಅಂತ ಬಂದಾಗ ಮಾತ್ರ ಸಿಸ್ಟರ್ ಫಾರಂ ಮುಂದಿಟ್ಟು ಕೇಳುತ್ತಾರೆ: "ನೀವು ಮಗುವಿಗೆ ಏನಾಗಬೇಕು?"

ನಾವು ಹೆತ್ತವರಲ್ಲ. ದತ್ತು ತಗೊಂಡವರೂ ಅಲ್ಲ. ಮಕ್ಕಳ ಕಲ್ಯಾಣ ಸಮಿತಿ ಒಪ್ಪಿಸಿದ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿರುವವರು. ಇದಕ್ಕೆ ಸರ್ಕಾರಿ ಕಾಗದದಲ್ಲಿ ಪೋಷಕತ್ವ ಅಂತ ಬರೆಯುತ್ತಾರೆ, ಬಾಯಲ್ಲಿ ಎಲ್ಲರೂ ಫಾಸ್ಟರ್ ಕೇರ್ ಅಂತಲೇ ಹೇಳುತ್ತಾರೆ. ಇಂಥ ಮಗುವಿನ ಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡಬೇಕು, ಅದಕ್ಕೆ ಯಾವ ಕಾಗದ ಬೇಕು, ಅವಸರದಲ್ಲಿ ಏನು ಮಾಡಬೇಕು ಎಂದು ಬರೆದಿಡುತ್ತಿದ್ದೇನೆ.

ನಮ್ಮದು ಸಾಗರದಲ್ಲಿ ತಾಲ್ಲೂಕು ಆಫೀಸಿನ ಹತ್ತಿರ ಜೆರಾಕ್ಸ್ ಅಂಗಡಿ. ದಿನವಿಡೀ ಊರವರ ಪಹಣಿ, ಜಾತಿ ಸರ್ಟಿಫಿಕೇಟು, ಆಧಾರ್ ಕೈಯಲ್ಲಿ ಹಾದು ಹೋಗುತ್ತಿರುತ್ತವೆ. ಯಾವ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದು ಈ ಕಸುಬಿನಲ್ಲಿ ತಾನಾಗಿಯೇ ಗೊತ್ತಾಗಿಬಿಡುತ್ತದೆ. ನಾನು ವಕೀಲೆ ಅಲ್ಲ. ಆದರೆ ನಮ್ಮ ಮನೆಯ ಹುಡುಗನಿಗೆ ಹರ್ನಿಯಾ ಆಪರೇಷನ್ ಆದಾಗ ಈ ದಾರಿಯನ್ನು ಪೂರ್ತಿ ನಡೆದಿದ್ದೇನೆ. ಹುಡುಗನ ಹೆಸರು ಬರೆಯುವುದಿಲ್ಲ, ಬರೆಯುವ ಹಾಗೂ ಇಲ್ಲ. ಅವನ ಅಮ್ಮ ಇದ್ದಾರೆ. ಕಾಯಿಲೆಯಿಂದ ಅವನನ್ನು ಸಾಕುವ ಸ್ಥಿತಿಯಲ್ಲಿ ಇಲ್ಲ, ಆಗಾಗ ಬಂದು ನೋಡಿಕೊಂಡು ಹೋಗುತ್ತಾರೆ. ಅವನಿಗೆ ಅವರು ಅಮ್ಮ, ನಾನು ದೊಡ್ಡಮ್ಮ.

ಕಾಯ್ದೆಯಲ್ಲಿ ನಮ್ಮ ಜಾಗ ಎಲ್ಲಿ

ಫಾಸ್ಟರ್ ಕೇರ್ ನಡೆಯುವುದು ಬಾಲನ್ಯಾಯ ಕಾಯ್ದೆ 2015ರ 44ನೇ ಕಲಂ ಮೇಲೆ. ಮಗುವಿನ ಓದು, ಆರೋಗ್ಯ, ಊಟ ಮೂರೂ ಫಾಸ್ಟರ್ ಕುಟುಂಬದ ಜವಾಬ್ದಾರಿ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅಂದರೆ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ನಮ್ಮ ಉಪಕಾರ ಅಲ್ಲ, ಕರ್ತವ್ಯ. ಆದರೆ "ಆಪರೇಷನ್‌ಗೆ ಫಾಸ್ಟರ್ ತಂದೆತಾಯಿ ಸಹಿ ಹಾಕಬಹುದು" ಎಂಬ ಒಂದು ಸಾಲು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಅದೇ ಕಾಯ್ದೆ "ಗಾರ್ಡಿಯನ್" ಯಾರು ಎಂದು ಹೇಳುವಾಗ ಇಬ್ಬರನ್ನು ಹೆಸರಿಸುತ್ತದೆ. ಒಬ್ಬರು ಸಹಜ ಪಾಲಕರು, ಅಂದರೆ ಹೆತ್ತವರು. ಇನ್ನೊಬ್ಬರು, ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವವರು ಎಂದು ಸಮಿತಿ ಮಾನ್ಯ ಮಾಡಿದವರು. ಸಮಿತಿ ಮಾನ್ಯ ಮಾಡಬೇಕು ಎನ್ನುವುದು ಮುಖ್ಯ. ಮಗು ನಮ್ಮ ಮನೆಯಲ್ಲಿದೆ ಎನ್ನುವುದಷ್ಟೇ ಸಾಲದು.

ಇನ್ನು ಕ್ರಿಮಿನಲ್ ಕಾನೂನು. ಮೊದಲು ಐಪಿಸಿ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 27ನೇ ಕಲಂ ಡಾಕ್ಟರರಿಗೆ ಧೈರ್ಯ ಕೊಡುವ ಕಲಂ. 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕಾಗಿ, ಗಾರ್ಡಿಯನ್ ಅಥವಾ ಮಗುವನ್ನು ಕಾನೂನುಬದ್ಧವಾಗಿ ವಹಿಸಿಕೊಂಡ ಬೇರೆಯವರ ಒಪ್ಪಿಗೆಯಿಂದ ಮಾಡಿದ ಕೆಲಸ ಅಪರಾಧ ಆಗುವುದಿಲ್ಲ ಎನ್ನುತ್ತದೆ. "ಕಾನೂನುಬದ್ಧವಾಗಿ ವಹಿಸಿಕೊಂಡವರು" ಅಂದರೆ ನಮ್ಮ ಮಟ್ಟಿಗೆ ಸಮಿತಿ ಆದೇಶ ಕೈಯಲ್ಲಿರುವವರು.

ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ. ದಿನನಿತ್ಯದ ಚಿಕಿತ್ಸೆಗೆ ನಾವೇ ಸಹಿ. ಮೊದಲೇ ದಿನ ಗೊತ್ತುಮಾಡಿ ಮಾಡುವ ದೊಡ್ಡ ಚಿಕಿತ್ಸೆಗೆ ಸಮಿತಿಯ ಲಿಖಿತ ಅನುಮತಿ ತಂದು ಆಮೇಲೆ ನಮ್ಮ ಸಹಿ. ಜೀವಕ್ಕೆ ಅಪಾಯ ಇದ್ದಾಗ ಮೊದಲು ಚಿಕಿತ್ಸೆ, ಕಾಗದ ಆಮೇಲೆ.

ಮಗು ಆರೋಗ್ಯವಾಗಿದ್ದಾಗಲೇ ಮಾಡಿಕೊಳ್ಳುವ ಕೆಲಸ

ಮೊದಲು ಸಮಿತಿಯ ಆದೇಶ ತೆಗೆದು ನೋಡಿ. ಕೇಂದ್ರದ ಮಾದರಿ ನಿಯಮದಲ್ಲಿ ಇದು ನಮೂನೆ 32. ಅದರಲ್ಲಿ ಅವಧಿ ಬರೆದಿರುತ್ತದೆ. ಅವಧಿ ಮುಗಿದು ಮುಂದುವರಿಕೆ ಆದೇಶ ಬರದಿದ್ದರೆ, ಮಗು ನಿಮ್ಮ ಮನೆಯಲ್ಲೇ ಇದ್ದರೂ ಕಾಗದದ ಪ್ರಕಾರ ನೀವು ಯಾರೂ ಅಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಇದು ಗೊತ್ತಾಗಬಾರದು. ಕ್ಯಾಲೆಂಡರಿನಲ್ಲಿ ಆ ತಾರೀಕಿಗಿಂತ ಎರಡು ತಿಂಗಳು ಮೊದಲೇ ಗುರುತು ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕದಲ್ಲೇ ಅದೂ ಇರುತ್ತದೆ.

ಎರಡನೆಯದು ಆದೇಶದಲ್ಲಿ ಒಂದು ಸಾಲು ಸೇರಿಸಲು ಕೇಳುವುದು. ಮಗುವನ್ನು ಒಪ್ಪಿಸುವ ದಿನ, ಇಲ್ಲವೇ ಮುಂದುವರಿಕೆಯ ದಿನ ಸಮಿತಿ ಮುಂದೆ ಕೂತಾಗ ನೇರವಾಗಿ ಕೇಳಿ: "ಮಗುವಿನ ಸಾಮಾನ್ಯ ಮತ್ತು ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡಲು ನಮ್ಮನ್ನು ಗಾರ್ಡಿಯನ್ ಎಂದು ಮಾನ್ಯ ಮಾಡಿದೆ ಅಂತ ಒಂದು ಸಾಲು ಬರೆದುಕೊಡಿ." ಸುಮ್ನೆ ಕೇಳುವುದಕ್ಕೇನು? ಕೆಲವು ಸಮಿತಿಯವರು ಬರೆಯುತ್ತಾರೆ, ಕೆಲವರು ಬೇರೆ ಪತ್ರ ಕೊಡುತ್ತಾರೆ. ಬರೆದುಕೊಟ್ಟರೆ ಮುಂದಿನ ಅರ್ಧ ತಲೆನೋವು ಅಲ್ಲಿಗೇ ಹೋಯಿತು.

ಮೂರನೆಯದು ಮಗುವಿನ ಹಳೆಯ ಆರೋಗ್ಯದ ಕಾಗದ. ಬಾಲಮಂದಿರದಲ್ಲಿ ಇದ್ದ ಮಗುವಾದರೆ ಅಲ್ಲಿ ಸೇರಿದಾಗ ವೈದ್ಯಕೀಯ ತಪಾಸಣೆ ಆಗಿರುತ್ತದೆ. ಅದರ ನಕಲು ಕೇಳಿ. ತಾಯಿ ಕಾರ್ಡ್ ಸಿಕ್ಕರೆ ಚಿನ್ನ ಸಿಕ್ಕ ಹಾಗೆ, ಲಸಿಕೆಯ ಲೆಕ್ಕ ಎಲ್ಲ ಅದರಲ್ಲೇ ಇರುತ್ತದೆ. ಯಾವ ಔಷಧಿಗೆ ಅಲರ್ಜಿ, ಫಿಟ್ಸ್ ಇತ್ತಾ, ಹಿಂದೆ ಅರಿವಳಿಕೆ ಕೊಟ್ಟಿದ್ದರಾ, ಮನೆಯವರಲ್ಲಿ ಯಾರಿಗಾದರೂ ಆಪರೇಷನ್ ಹೊತ್ತಿನಲ್ಲಿ ತೊಂದರೆ ಆಗಿತ್ತಾ ಎಂದು ಹೆತ್ತವರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಹುಡುಗನ ಅಮ್ಮ ಹೀಗೆ ಕೇಳಿದಾಗ ಹೇಳಿದ ಒಂದೇ ಮಾತು: ಚಿಕ್ಕವನಿದ್ದಾಗ ಯಾವುದೋ ಕೆಂಪು ಸಿರಪ್ ಕುಡಿದು ಮೈಯೆಲ್ಲ ದದ್ದು ಎದ್ದಿತ್ತು. ಯಾವ ಸಿರಪ್ ಅಂತ ಅವರಿಗೆ ನೆನಪಿಲ್ಲ. ಆದರೂ ಅರಿವಳಿಕೆ ಡಾಕ್ಟರು ಅದನ್ನು ಎರಡು ಸಲ ಕೇಳಿ ಬರೆದುಕೊಂಡರು.

ಇವೆಲ್ಲವನ್ನೂ ಒಂದು ಫೈಲಿಗೆ ಹಾಕಿ. ಆದೇಶದ ಮೂಲ ಪ್ರತಿ ಮನೆಯಲ್ಲಿರಲಿ, ನಕಲನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸೀಲು ಹಾಕಿಸಿ ತಂದಿಟ್ಟುಕೊಳ್ಳಿ. ಒಂದು ನಕಲು ಗಂಡನ ಗಾಡಿಯ ಡಿಕ್ಕಿಯಲ್ಲಿ, ಒಂದು ಫೋಟೋ ಮೊಬೈಲಿನಲ್ಲಿ. ಮೂಲ ಪ್ರತಿಯನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಅದರ ಮೇಲೆ ಸೀಲು ಕೂರುವುದಿಲ್ಲ. ಲ್ಯಾಮಿನೇಶನ್ ಮಾಡಿ ದುಡ್ಡು ತಗೊಳ್ಳುವವಳೇ ಹೇಳುತ್ತಿದ್ದೇನೆ, ನಂಬಿ.

ಮೂರು ಫೋನ್ ನಂಬರು ಬೇಕು: ರಕ್ಷಣಾ ಘಟಕದಲ್ಲಿ ನಿಮ್ಮ ಮಗುವಿನ ಕೇಸು ನೋಡುವ ಅಧಿಕಾರಿಯದು, ಸಮಿತಿಯ ಅಧ್ಯಕ್ಷರದು ಅಥವಾ ಒಬ್ಬ ಸದಸ್ಯರದು, ಮತ್ತು ಮಕ್ಕಳ ಸಹಾಯವಾಣಿ 1098.

ಸಣ್ಣಪುಟ್ಟದ್ದು

ಹೊರರೋಗಿ ತಪಾಸಣೆ, ರಕ್ತಪರೀಕ್ಷೆ, ಎಕ್ಸ್‌ರೇ, ಹಲ್ಲು ಕೀಳಿಸುವುದು, ಗಾಯಕ್ಕೆ ಹೊಲಿಗೆ, ಕನ್ನಡಕ ಎಲ್ಲಕ್ಕೂ ನೀವೇ ಒಪ್ಪಿಗೆ ಕೊಡಿ. ಇದಕ್ಕೆಲ್ಲ ಸಮಿತಿಗೆ ಓಡಬೇಕಾಗಿಲ್ಲ. ಶಾಲೆಯಲ್ಲಿ ಲಸಿಕೆಗೆ, ಜಂತುಹುಳದ ಮಾತ್ರೆಗೆ ಚೀಟಿ ಕಳಿಸಿದರೂ ನೀವೇ ಸಹಿ ಮಾಡಿ. 10 ಮತ್ತು 16 ವರ್ಷಕ್ಕೆ ಕೊಡುವ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಇಂಜೆಕ್ಷನ್ ಈ ಮಕ್ಕಳಿಗೆ ತಪ್ಪಿಹೋಗುವುದು ಜಾಸ್ತಿ, ಯಾಕೆಂದರೆ ಶಾಲೆ ಬದಲಾಗುತ್ತಿರುತ್ತದೆ. ವಿಚಾರಿಸಿ ಹಾಕಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಕಣ್ಣು, ಕಿವಿ, ಹೃದಯ ಎಲ್ಲ ನೋಡುತ್ತದೆ. 18 ವರ್ಷದವರೆಗೆ ಅವರು ಕಂಡುಹಿಡಿದದ್ದಕ್ಕೆ ಮುಂದಿನ ಚಿಕಿತ್ಸೆಯೂ ಉಚಿತ. ಆ ದಿನ ಮಗುವಿಗೆ ರಜೆ ಹಾಕಿಸಬೇಡಿ.

ಎಲ್ಲದಕ್ಕೂ ಚೀಟಿ ಇಟ್ಟುಕೊಳ್ಳಿ. ಸಮಿತಿ ಕಡೆಯಿಂದ ಮನೆಗೆ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರಲ್ವಾ, ಆಗ ತೋರಿಸಿದರೆ ಅವರೂ ಬರೆದುಕೊಳ್ಳುತ್ತಾರೆ.

ಆಪರೇಷನ್ ಅಂದಾಗ

ಸ್ನಾನ ಮಾಡಿಸುವಾಗ ಹುಡುಗನ ತೊಡೆಸಂದಿಯಲ್ಲಿ, ಬಲಗಡೆ, ಸಣ್ಣ ಊತ ಕಂಡಿತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಡಾಕ್ಟರು ನೋಡಿ ಹರ್ನಿಯಾ ಅಂದರು. ಮಕ್ಕಳಲ್ಲಿ ಇದು ತಾನಾಗಿ ವಾಸಿಯಾಗುವುದಿಲ್ಲ, ಆಪರೇಷನ್ನೇ ಆಗಬೇಕು. ಈಗಲೇ ಅವಸರ ಇಲ್ಲ, ಆದರೆ ಕರುಳು ಅಲ್ಲಿ ಸಿಕ್ಕಿಹಾಕಿಕೊಂಡರೆ ಅದು ತುರ್ತು, ಅಲ್ಲಿಯವರೆಗೆ ಕಾಯಬಾರದು ಅಂದರು.

ನಾವು ಮೊದಲು ಹೋದ ಖಾಸಗಿ ನರ್ಸಿಂಗ್ ಹೋಮಿನಲ್ಲಿ "ಹೆತ್ತ ತಂದೆತಾಯಿ ಸಹಿ ಇಲ್ಲದೆ ಆಗಲ್ಲ" ಎಂದು ಕಳಿಸಿಬಿಟ್ಟರು. ಆದೇಶ ತೋರಿಸಿದರೂ ತಿರುಗಿಸಿ ನೋಡಲಿಲ್ಲ. ಅವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಅವರಿಗೆ ಬೇಕಾಗಿರುವುದು ನಾಳೆ ಯಾರಾದರೂ ಬಂದು "ನಮ್ಮ ಮಗುವಿಗೆ ಹೆಂಗೆ ಕತ್ತರಿ ಹಾಕಿದಿರಿ" ಎಂದು ಕೇಳಿದರೆ ತೋರಿಸಲು ಒಂದು ಕಾಗದ. ಆ ಕಾಗದ ತಂದುಕೊಡುವುದೇ ಸುಲಭದ ದಾರಿ.

ಬಾಲನ್ಯಾಯ ಕಾಯ್ದೆಯ 37ನೇ ಕಲಂ ಪ್ರಕಾರ ಮಗುವಿನ ಚಿಕಿತ್ಸೆಯ ಬಗ್ಗೆ ವ್ಯಕ್ತಿಗಳಿಗೆ, ಸಂಸ್ಥೆಗಳಿಗೆ ನಿರ್ದೇಶನ ಕೊಡುವ ಅಧಿಕಾರ ಸಮಿತಿಗೆ ಇದೆ. ಸಮಿತಿ ಅಂದರೆ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ಪೀಠ. ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಬೆಳಗ್ಗೆ ಹೋಗುತ್ತದೆ. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಇವತ್ತು ಕೂರುತ್ತಾರಾ ಎಂದು ಕೇಳಿಕೊಂಡೇ ಹೋಗಿ.

ಹೋಗುವಾಗ ಡಾಕ್ಟರರಿಂದ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆ ಏನು, ಯಾವ ಆಪರೇಷನ್, ಯಾವ ಅರಿವಳಿಕೆ, ಯಾವಾಗ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎನ್ನುವ ಐದೂ ಅದರಲ್ಲಿರಲಿ. ಬರೀ "ಸರ್ಜರಿಗೆ ಸಲಹೆ ನೀಡಲಾಗಿದೆ" ಎಂದು ಬರೆದ ಚೀಟಿ ಹಿಡಿದು ಹೋದರೆ ಸಮಿತಿಯವರು ಇನ್ನೊಂದು ಪತ್ರ ತನ್ನಿ ಅನ್ನುತ್ತಾರೆ. ಅದರ ಜೊತೆಗೆ ನಿಮ್ಮ ಅರ್ಜಿ. ನಾನು ಬರೆದದ್ದು ಹೀಗಿತ್ತು, ಬೇಕಾದರೆ ಇದನ್ನೇ ಇಟ್ಟುಕೊಳ್ಳಿ:

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಮಕ್ಕಳ ಕಲ್ಯಾಣ ಸಮಿತಿ, ಶಿವಮೊಗ್ಗ ಜಿಲ್ಲೆ.
ಮುಖಾಂತರ: ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗಳು.
ವಿಷಯ: ಪೋಷಕತ್ವದಲ್ಲಿರುವ ಮಗುವಿನ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡಲು ಅನುಮತಿ ಕೋರಿ.
ಉಲ್ಲೇಖ: ತಮ್ಮ ಆದೇಶ ಸಂಖ್ಯೆ ______, ದಿನಾಂಕ ______.
ಮಾನ್ಯರೇ, ಉಲ್ಲೇಖಿತ ಆದೇಶದಂತೆ ಸದರಿ ಮಗು ನಮ್ಮ ಪೋಷಕತ್ವದಲ್ಲಿದೆ. ಮಗುವಿಗೆ ಬಲಭಾಗದ ಹರ್ನಿಯಾ ಇರುವುದಾಗಿ, ಶಸ್ತ್ರಚಿಕಿತ್ಸೆ ಅಗತ್ಯವಿರುವುದಾಗಿ ವೈದ್ಯರು ತಿಳಿಸಿರುತ್ತಾರೆ (ಪತ್ರ ಲಗತ್ತಿಸಿದೆ). ಶಸ್ತ್ರಚಿಕಿತ್ಸೆ, ಅರಿವಳಿಕೆ ಹಾಗೂ ಆ ಸಂದರ್ಭದಲ್ಲಿ ಅಗತ್ಯ ಬೀಳುವ ತುರ್ತು ಚಿಕಿತ್ಸೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲು ನಮಗೆ ಅನುಮತಿ ನೀಡಬೇಕಾಗಿಯೂ, ಈ ಬಗ್ಗೆ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ನೀಡಬೇಕಾಗಿಯೂ ಕೋರುತ್ತೇವೆ. ಮಗುವಿನ ತಾಯಿಗೆ ವಿಷಯ ತಿಳಿಸಲಾಗಿದೆ.

ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ "ಸ್ವೀಕರಿಸಿದೆ" ಸೀಲು ಹಾಕಿಸಿಕೊಳ್ಳಿ. ಆಸ್ಪತ್ರೆಯ ಹೆಸರಿಗೇ ಪತ್ರ ಕೇಳಿರುವುದನ್ನು ಗಮನಿಸಿ. ನಿಮ್ಮ ಕೈಗೆ ಕೊಟ್ಟ ಅನುಮತಿಗಿಂತ ಅವರ ಹೆಸರಿಗೆ ಬಂದ ಪತ್ರಕ್ಕೆ ಆಸ್ಪತ್ರೆಯಲ್ಲಿ ಬೆಲೆ ಜಾಸ್ತಿ.

ಹೆತ್ತವರ ವಿಷಯ. ಮಗುವನ್ನು ಸಮಿತಿಗೆ ಕಾನೂನು ಪ್ರಕಾರ ಪೂರ್ತಿ ಬಿಟ್ಟುಕೊಡದೇ ಇದ್ದರೆ ಅವರ ಹಕ್ಕು ಹಾಗೇ ಇರುತ್ತದೆ. ನಮ್ಮ ಕಡೆ ಕೆಲವರು "ಅವರಿಗೆ ಯಾಕೆ ಹೇಳೋದು, ಸುಮ್ನೆ ಗಲಾಟೆ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೇಳುವುದು ಮಾತ್ರ ರಕ್ಷಣಾ ಘಟಕದವರ ಮೂಲಕ ಆಗಲಿ, ನೀವೇ ಫೋನ್ ಹಚ್ಚಿ ಹೇಳುವುದಕ್ಕಿಂತ ಅದು ಒಳ್ಳೆಯದು. ಹುಡುಗನ ಅಮ್ಮ ಒಂದು ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟರು. ಅದನ್ನೂ ಫೈಲಿಗೆ ಸೇರಿಸಿದೆವು. ಹೆತ್ತವರು ಸಿಗದಿದ್ದರೆ, ಅಥವಾ ಬೇಡ ಎಂದು ಹಟ ಹಿಡಿದರೆ ನೀವು ಮಧ್ಯೆ ನಿಂತು ವಾದ ಮಾಡಬೇಡಿ. ಮಗುವಿನ ಹಿತ ಯಾವುದರಲ್ಲಿದೆ ಎಂದು ನೋಡಿ ತೀರ್ಮಾನ ಮಾಡಬೇಕಾದವರು ಸಮಿತಿಯವರು. ಅವರ ಮುಂದೆ ಇಡಿ.

ಈಗ ಫಾರಂ. ಒಂದಲ್ಲ, ಸಾಮಾನ್ಯವಾಗಿ ಎರಡು ಇರುತ್ತವೆ: ಆಪರೇಷನ್‌ಗೆ ಒಂದು, ಅರಿವಳಿಕೆಗೆ ಬೇರೆ. ಎರಡರಲ್ಲೂ "ರೋಗಿಗೆ ಸಂಬಂಧ" ಅಂತ ಒಂದು ಖಾಲಿ ಜಾಗ. ನಮ್ಮ ಹುಡುಗ "ದೊಡ್ಡಮ್ಮ, ನೀರು" ಎಂದು ಕೇಳಿದ್ದನ್ನು ಕೇಳಿಸಿಕೊಂಡ ಸಿಸ್ಟರ್ ಅಲ್ಲಿ ದೊಡ್ಡಮ್ಮ ಅಂತಲೇ ಬರೆದುಬಿಟ್ಟಿದ್ದರು. ಪಾಪ, ಅವರಿಗೇನು ಗೊತ್ತು. ಹೊಡೆದುಹಾಕಿಸಿ ಬೇರೆ ಬರೆಸಿದೆ: "ಫಾಸ್ಟರ್ ತಾಯಿ, ಮಕ್ಕಳ ಕಲ್ಯಾಣ ಸಮಿತಿ ಆದೇಶ ಸಂಖ್ಯೆ ಇಂತಿಷ್ಟು." ತಿದ್ದಿದ ಕಡೆ ಅವರದೂ ನನ್ನದೂ ಸಣ್ಣ ಸಹಿ. ನೀವೂ ಹೀಗೇ ಬರೆಸಿ. ಅವಸರದಲ್ಲಿ "ತಾಯಿ" ಎಂದು ಬರೆದು ಮುಗಿಸಿಬಿಡೋಣ ಅನಿಸುತ್ತದೆ, ಆದರೆ ಅದು ಸುಳ್ಳು ಹೇಳಿಕೆ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಆ ಒಂದು ಪದ ನಿಮ್ಮ ಕುತ್ತಿಗೆಗೇ ಬರುತ್ತದೆ.

ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೇಳಿ. ಇಲ್ಲ ಅಂದರೆ ಓದಿ ಹೇಳಿ ಅನ್ನಿ. ಖಾಲಿ ಫಾರಂಗೆ ಸಹಿ ಮಾಡಬೇಡಿ. ನಮ್ಮದರಲ್ಲಿ ಯಾವ ಕಡೆ ಎಂದು ಬರೆಯುವ ಜಾಗ ಖಾಲಿ ಬಿಟ್ಟಿದ್ದರು. "ಬಲಗಡೆ" ಎಂದು ಬರೆಸಿ ಆಮೇಲೆ ಪೆನ್ನು ಹಿಡಿದೆ. ಇದು ಹಟ ಅಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ, ಜೀವ ಉಳಿಸುವ ಅವಸರ ಇದ್ದರೆ ಮಾತ್ರ ಬೇರೆ ಮಾತು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ "ಒಳಗೆ ಎಡಗಡೆಯೂ ಇದೆ ಅಂತ ಕಂಡರೆ ಏನು ಮಾಡುತ್ತೀರಿ?" ಎಂದು ಮೊದಲೇ ಕೇಳಿ, ಉತ್ತರವನ್ನು ಫಾರಂನಲ್ಲೇ ಬರೆಸಿ.

ಆಪರೇಷನ್‌ಗೆ ಮೊದಲು ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅದಕ್ಕೆ ವಿವರಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ಫಲಿತಾಂಶ ಗುಟ್ಟಾಗಿರಬೇಕು. ಕಾರಿಡಾರಿನಲ್ಲಿ ಕೂಗಿ ಹೇಳುವ ವಿಷಯ ಅಲ್ಲ ಅದು.

ಅವಸರದ ಹೊತ್ತು

ಮಗು ಮರದಿಂದ ಬಿತ್ತು, ಹಾವು ಕಚ್ಚಿತು, ಫಿಟ್ಸ್ ಬಂತು. ಆಗ ಸಮಿತಿ, ಅನುಮತಿ, ಸೀಲು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ, ಹೊರಡಿ.

ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಇಂಥ ಹೊತ್ತಿಗೇ ಇರುವುದು. ಒಪ್ಪಿಗೆ ಕೊಡಬೇಕಾದವರನ್ನು ಹುಡುಕಿ ತರುವಷ್ಟು ಸಮಯ ಇಲ್ಲದಾಗ, ಮಗುವಿನ ಒಳ್ಳೆಯದಕ್ಕೆ ಮಾಡಿದ ಕೆಲಸ ಅಪರಾಧ ಅಲ್ಲ. ಆ ಕಲಮಿನ ಕೆಳಗೆ ಒಂದು ಉದಾಹರಣೆಯೂ ಇದೆ. ಅಪಘಾತವಾದ ಮಗು. ತಕ್ಷಣ ಆಪರೇಷನ್ ಮಾಡದಿದ್ದರೆ ಸಾಯುವ ಸ್ಥಿತಿ. ಗಾರ್ಡಿಯನ್‌ನನ್ನು ಕೇಳಲು ಹೊತ್ತಿಲ್ಲ. ಮಗು ಬೇಡ ಬೇಡ ಎಂದು ಗೋಗರೆದರೂ ಸರ್ಜನ್ ಆಪರೇಷನ್ ಮಾಡುತ್ತಾನೆ. ಅವನು ಅಪರಾಧ ಮಾಡಿಲ್ಲ ಎನ್ನುತ್ತದೆ ಕಾನೂನು. ಬ್ರಿಟಿಷರ ಕಾಲದ ಐಪಿಸಿಯಲ್ಲೂ ಇದೇ ಉದಾಹರಣೆ ಇತ್ತು. ಅಷ್ಟು ಹಳೆಯ ಮಾತಿದ್ದರೂ ಇವತ್ತಿಗೂ ಕೌಂಟರಿನಲ್ಲಿ "ಅಪ್ಪ ಅಮ್ಮ ಬರಲಿ" ಅನ್ನುವವರು ಇದ್ದಾರೆ. ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಡಾಕ್ಟರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿ ಹೇಳಿದೆ. ಯಾರಾದರೂ ತಡೆದರೆ ದನಿ ಏರಿಸದೆ ಹೀಗೆ ಕೇಳಿ: "ಇದು ಎಮರ್ಜೆನ್ಸಿ ಹೌದೋ ಅಲ್ಲವೋ, ನೀವೇ ಚೀಟಿಯಲ್ಲಿ ಬರೆದುಕೊಡಿ." ಅಲ್ಲ ಎಂದು ಬರೆಯಲು ಯಾರ ಕೈಯೂ ಏಳುವುದಿಲ್ಲ. ಹೌದು ಎಂದು ಬರೆದರೆ ಚಿಕಿತ್ಸೆ ಶುರುವಾಯಿತು.

ಚಿಕಿತ್ಸೆ ಶುರುವಾದ ಮೇಲೆ ರಕ್ಷಣಾ ಘಟಕಕ್ಕೆ ಫೋನ್ ಮಾಡಿ. ಸಿಗದಿದ್ದರೆ 1098. ಫೋನ್ ಮಾಡಿದ ಮೇಲೆ ಅದೇ ವಿಷಯವನ್ನು ಮೆಸೇಜಿನಲ್ಲೂ ಹಾಕಿ: ಎಷ್ಟು ಹೊತ್ತಿಗೆ ಏನಾಯಿತು, ಯಾವ ಆಸ್ಪತ್ರೆ, ಡಾಕ್ಟರು ಏನು ಹೇಳಿದರು. ಬಿದ್ದು ಪೆಟ್ಟಾದ ಕೇಸಿನಲ್ಲಿ ಇದು ನಿಮ್ಮ ರಕ್ಷಣೆಗೂ ಬೇಕು. ಫಾಸ್ಟರ್ ಮನೆಯಲ್ಲಿ ಮಗುವಿಗೆ ಗಾಯ ಅಂದರೆ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು.

ಮಗುವನ್ನೇ ಕೇಳಿದಿರಾ?

ಸಹಿ ಯಾರದ್ದೇ ಇರಲಿ, ಮೈ ಮಗುವಿನದು. 12 ವರ್ಷದೊಳಗಿನ ಮಗುವಿನ ಒಪ್ಪಿಗೆಯನ್ನು ಕ್ರಿಮಿನಲ್ ಕಾನೂನು ಒಪ್ಪಿಗೆ ಎಂದು ಎಣಿಸುವುದಿಲ್ಲ. 12 ದಾಟಿದ ಮೇಲೆ ಮಗುವಿನ ಮಾತಿಗೆ ತೂಕ ಇದೆ. ಆದರೂ ಆಸ್ಪತ್ರೆಗಳು 18ರವರೆಗೆ ದೊಡ್ಡವರ ಸಹಿ ಕೇಳುತ್ತವೆ, ಯಾಕೆಂದರೆ ವಯಸ್ಸಿಗೆ ಬರದವರ ಜೊತೆ ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ನನ್ನ ಪ್ರಕಾರ 12ರ ಮೇಲಿನ ಮಗುವಿನ ಸಹಿಯನ್ನೂ ನಿಮ್ಮ ಸಹಿಯ ಪಕ್ಕ ಹಾಕಿಸುವುದು ಒಳ್ಳೆಯದು.

ಇನ್ನೂ ಚಿಕ್ಕ ಮಕ್ಕಳಿಗೆ ಹೇಳುವ ರೀತಿ ಬೇರೆ. ಈ ಮಕ್ಕಳು ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದವರು. ಆಸ್ಪತ್ರೆಯಲ್ಲಿ ಬಿಟ್ಟು ಹೋಗುತ್ತಾರೆ ಎಂಬ ಭಯ ಸೂಜಿಯ ಭಯಕ್ಕಿಂತ ದೊಡ್ಡದು. ನಮ್ಮವನು ಕೇಳಿದ್ದು "ನೋವಾಗುತ್ತಾ" ಅಂತಲ್ಲ, "ವಾಪಸ್ ಇದೇ ಮನೆಗೆ ಬರ್ತೀನಾ" ಅಂತ. ಅವನ ಶಾಲೆ ಬ್ಯಾಗನ್ನು ಮನೆಯಲ್ಲೇ ಬಿಟ್ಟು, ಅದು ಎಲ್ಲಿದೆ ಎಂದು ತೋರಿಸಿ ಕರೆದುಕೊಂಡು ಹೋದೆವು. ಖಾಲಿ ಹೊಟ್ಟೆಯಲ್ಲಿ ಇರಬೇಕು ಎನ್ನುವುದನ್ನೂ ಹಿಂದಿನ ದಿನವೇ ಹೇಳಿಡಿ. ಹಸಿವನ್ನು ಬೇರೆಯೇ ರೀತಿ ನೋಡಿದ ಮಕ್ಕಳಿಗೆ ಊಟ ಕೊಡದಿರುವುದು ಶಿಕ್ಷೆಯ ಹಾಗೆ ಕಾಣುತ್ತದೆ.

ನೀವೊಬ್ಬರೇ ತೀರ್ಮಾನಿಸಬಾರದ ಕೇಸುಗಳು

ಮಾನಸಿಕ ಆಸ್ಪತ್ರೆಯಲ್ಲಿ ಮಗುವನ್ನು ದಾಖಲು ಮಾಡುವುದು. ಕೌನ್ಸೆಲಿಂಗಿಗೆ, ತಪಾಸಣೆಗೆ ನೀವೇ ಕರೆದುಕೊಂಡು ಹೋಗಬಹುದು. ದಾಖಲಾತಿಗೆ ಮಾತ್ರ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 87ನೇ ಕಲಂ ಬಿಗಿಯಾಗಿದೆ. ಅರ್ಜಿ ಕಾನೂನುಬದ್ಧ ಗಾರ್ಡಿಯನ್ನಿಂದಲೇ ಬರಬೇಕು. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ತಜ್ಞರು ಬೇರೆಬೇರೆಯಾಗಿ ನೋಡಿರಬೇಕು. ಮಗುವನ್ನು ದೊಡ್ಡವರ ಜೊತೆ ಇಡುವ ಹಾಗಿಲ್ಲ, ಗಾರ್ಡಿಯನ್ ಅಥವಾ ಅವರು ನೇಮಿಸಿದವರು ಜೊತೆಗೇ ಇರಬೇಕು. 72 ಗಂಟೆಯೊಳಗೆ ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ನಿಮ್ಹಾನ್ಸ್‌ಗೇ ಹೋಗಿ, ಊರಿನ ಆಸ್ಪತ್ರೆಗೇ ಹೋಗಿ, ಸಮಿತಿಯ ಪತ್ರ ಇಲ್ಲದೆ ಹೊರಡಬೇಡಿ.

ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಅದು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಯ ಕೇಸು. ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಚಿಕಿತ್ಸೆ ಮಾತ್ರ ಎಫ್‌ಐಆರ್‌ಗೆ ಕಾಯುವುದಿಲ್ಲ. ಹುಡುಗಿಯನ್ನು ಮಹಿಳಾ ಡಾಕ್ಟರೇ ಪರೀಕ್ಷಿಸಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು. ಆ ಒಬ್ಬರು ನೀವಾಗಿರಬಹುದು. ಗರ್ಭಪಾತದ ಮಾತು ಬಂದರೆ 18ರೊಳಗಿನವರಿಗೆ ಗಾರ್ಡಿಯನ್ನರ ಲಿಖಿತ ಒಪ್ಪಿಗೆ ಬೇಕು. ಗರ್ಭಪಾತದ ಕಾಯ್ದೆಯಲ್ಲಿ ಗಾರ್ಡಿಯನ್ ಅಂದರೆ ಆ ಹುಡುಗಿಯ ಪಾಲನೆ ವಹಿಸಿಕೊಂಡವರು ಎಂದೇ ಇದೆ. ಆದರೂ ಸಮಿತಿಯನ್ನು ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ. ದಿನಗಳ ಲೆಕ್ಕ ಇರುವುದರಿಂದ ಅವತ್ತೇ ತಿಳಿಸಿ.

ದುಡ್ಡು, ಫೋಟೋ, ಮತ್ತೆ ಅಜ್ಜಿಯಂದಿರು

ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಿಂದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಆಪರೇಷನ್ ಖರ್ಚು ಅದರಲ್ಲಿ ಆಗುವ ಮಾತಲ್ಲ. ಮಗುವಿನ ಹೆಸರು ನಿಮ್ಮ ರೇಷನ್ ಕಾರ್ಡಿನಲ್ಲಿ ಇಲ್ಲದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಅಡ್ಡಿ ಬರುತ್ತದೆ. ಕಾರ್ಡ್ ಹೇಗೆ ಮಾಡಿಸುವುದು ಎಂದು ರಕ್ಷಣಾ ಘಟಕದವರನ್ನು ಈಗಲೇ ಕೇಳಿ, ಆಪರೇಷನ್ ದಿನ ಅಲ್ಲ.

ದುಡ್ಡು ಹೊಂದಿಸಲು ಮಗುವಿನ ಫೋಟೋ ಹಾಕಿ ವಾಟ್ಸಾಪಿನಲ್ಲಿ ಮನವಿ ಹರಿಬಿಡಬೇಡಿ. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಫೋಟೋ ಸ್ಟೇಟಸ್ಸಿಗೆ ಹಾಕುವುದೂ ಬೇಡ.

ಕೊನೆಗೆ, ಅಂಗಡಿಗೆ ಬಂದು ಜಾಸ್ತಿ ಜನ ಕೇಳುವುದು ಫಾಸ್ಟರ್ ಕೇರ್ ಬಗ್ಗೆ ಅಲ್ಲ. ಮಗಳು ತೀರಿಕೊಂಡಿದ್ದಾಳೆ, ಅಳಿಯನ ಸುದ್ದಿ ಇಲ್ಲ, ಮೊಮ್ಮಗು ನಮ್ಮ ಹತ್ತಿರ ಇದೆ ಎನ್ನುವ ಅಜ್ಜಿಯಂದಿರು. ಅಕ್ಕನ ಮಗನನ್ನು ಸಾಕುತ್ತಿರುವ ಚಿಕ್ಕಮ್ಮಂದಿರು. ಇವರ ಕೈಯಲ್ಲಿ ಯಾವ ಆದೇಶವೂ ಇರುವುದಿಲ್ಲ. ಸಣ್ಣ ಚಿಕಿತ್ಸೆಗೆ ಯಾರೂ ತಕರಾರು ಮಾಡುವುದಿಲ್ಲ, ದೊಡ್ಡದಕ್ಕೆ ಇವರೂ ನಮ್ಮ ಹಾಗೇ ಕೌಂಟರಿನಲ್ಲಿ ನಿಲ್ಲುತ್ತಾರೆ. ಅವರಿಗೆ ದಾರಿ ಎರಡು. ಮಗುವನ್ನು ಸಮಿತಿ ಮುಂದೆ ಹಾಜರುಪಡಿಸಿ, ನೋಡಿಕೊಳ್ಳುತ್ತಿರುವವರು ನಾವು ಎಂದು ಮಾನ್ಯ ಮಾಡಿಸಿಕೊಳ್ಳುವುದು ಒಂದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನಿಂದ ಗಾರ್ಡಿಯನ್ ಎಂದು ನೇಮಕ ಮಾಡಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಗಟ್ಟಿ, ಆದರೆ ನಿಧಾನ. ಮಕ್ಕಳಿಗೂ ಹೆಂಗಸರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ತಾಲ್ಲೂಕು ಕೋರ್ಟಿನಲ್ಲೇ ಅವರ ಸಮಿತಿ ಇರುತ್ತದೆ. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ತೀರಿಕೊಂಡವರ ಮರಣ ಪ್ರಮಾಣಪತ್ರ, ಶಾಲೆಯ ದಾಖಲೆ, ನಿಮ್ಮ ಆಧಾರ್ ಎಲ್ಲದರದ್ದೂ ಎರಡೆರಡು ಜೆರಾಕ್ಸ್ ತಗೊಂಡು ಹೋಗಿ.